ಚುಕ್ಕಿಯ ಮುಂದಿನ ಹೆಸರು ಯಾರ ಪಾಲಿಗೆ?

ಯಾವುದಾದರೊಂದು ಅಂತರ್ಜಾಲ ವಿಳಾಸದ ಕೊನೆಯ ಭಾಗವನ್ನು ಗಮನಿಸಿ. ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ಇನ್. ಈ ಪುಟ್ಟ ಬಾಲಗಳಿಗೆಲ್ಲ ಪ್ರಪಂಚದಲ್ಲಿ ಒಂದೇ ಮೂಲಪಟ್ಟಿ ಇದೆ. ಅದರಲ್ಲಿ ಒಂದು ಹೆಸರು ಒಮ್ಮೆ ಮಾತ್ರ ಬರಲು ಸಾಧ್ಯ. ಅದನ್ನು ಪಡೆದ ಸಂಸ್ಥೆ, ಅದರಡಿ ವಿಳಾಸ ನೋಂದಾಯಿಸುವವರಿಂದ ವರ್ಷ ವರ್ಷವೂ ಶುಲ್ಕ ಪಡೆಯಬಹುದು. ಹಾಗಾದರೆ ಇದನ್ನು ಹಂಚುವವರು ಯಾರು?

ಮೊದಲು ಈ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಕ್ಯಾಲಿಫೋರ್ನಿಯಾದ ವಿಜ್ಞಾನಿ ಜಾನ್ ಪೋಸ್ಟಲ್. 1985ರಲ್ಲಿ ಕಾಂ, ಆರ್ಗ್, ಎಜು ಮುಂತಾದವು ಬಂದವು. 1989ರಲ್ಲಿ ನಮ್ಮ ಡಾಟ್ ಇನ್ ಬಂತು. ಆಗ ಹಣದ ಮಾತು ಹೆಚ್ಚಿರಲಿಲ್ಲ, ಒಬ್ಬರ ಮೇಲಿನ ವಿಶ್ವಾಸವೇ ಸಾಕಾಗಿತ್ತು. 1998ರಲ್ಲಿ ಐಕ್ಯಾನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ಪೋಸ್ಟಲ್ ತೀರಿಕೊಂಡರು.

ಹೊಸ ಹೆಸರುಗಳಿಗೆ ಐಕ್ಯಾನ್ ಮೊದಲ ಬಾರಿ ಅರ್ಜಿ ಕರೆದದ್ದು 2000ದಲ್ಲಿ. ಶುಲ್ಕ 50,000 ಡಾಲರ್. ಹೆಸರು ಸಿಗದಿದ್ದರೂ ಹಣ ವಾಪಸಿಲ್ಲ. ಪರಿಶೀಲನೆಗೆ ಬಂದ ಅರ್ಜಿಗಳು 44. ನವೆಂಬರ್‌ನಲ್ಲಿ ಮರೀನಾ ಡೆಲ್ ರೇ ಎಂಬಲ್ಲಿ ಸಭೆ ಸೇರಿತು. ಪ್ರತಿ ಅರ್ಜಿದಾರನಿಗೂ ತನ್ನ ವಾದ ಹೇಳಲು ಸಿಕ್ಕಿದ್ದು ಮೂರು ನಿಮಿಷ! (ನಮ್ಮ ಸ್ಟುಡಿಯೋದಲ್ಲಿ ಅತಿಥಿಯ ಪರಿಚಯಕ್ಕೇ ಅಷ್ಟು ಹಿಡಿಯುತ್ತದೆ.) ಮರುದಿನ ಮಂಡಳಿ ಏಳು ಹೆಸರುಗಳನ್ನು ಆರಿಸಿತು: ಬಿಜ್, ಇನ್ಫೋ, ನೇಮ್, ಪ್ರೊ, ಏರೋ, ಕೋಆಪ್, ಮ್ಯೂಸಿಯಂ.

ಬಿದ್ದುಹೋದವುಗಳ ಕಥೆ ಇನ್ನೂ ಸ್ವಾರಸ್ಯದ್ದು. ಡಾಟ್ ಹೆಲ್ತ್ ಕೇಳಿದ್ದು ವಿಶ್ವ ಆರೋಗ್ಯ ಸಂಸ್ಥೆ, ಅದಕ್ಕೂ ಸಿಗಲಿಲ್ಲ. 'ಐಐಐ' ಎಂಬ ಹೆಸರು ಇನ್ನೇನು ಗೆಲ್ಲುವುದರಲ್ಲಿತ್ತು. ಅಷ್ಟರಲ್ಲಿ ಉಚ್ಚಾರಣೆ ಕಷ್ಟ ಎಂಬ ಮಾತು ಬಂದು ಕೈಬಿಟ್ಟರು. ಉಚ್ಚಾರಣೆಗೂ ಅಂಕವಿದೆಯೆಂದು ಅರ್ಜಿದಾರರಿಗೆ ಯಾರೂ ಮುಂಚೆ ಹೇಳಿರಲಿಲ್ಲ. ಇದು ಕೇವಲ ಪ್ರಯೋಗ, ಆದ್ದರಿಂದ ಕೆಲವೇ ಹೆಸರು ಸಾಕು ಎಂಬುದು ಐಕ್ಯಾನ್ ವಾದ. ವಿಜ್ಞಾನ ಓದಿದ ನನಗೆ ಇದು ಒಪ್ಪಿಗೆಯಾಗದು. ಅದೇ 44 ಅರ್ಜಿಗಳನ್ನು ಇನ್ನೊಂದು ಮಂಡಳಿಯ ಮುಂದಿಟ್ಟರೆ ಅದೇ ಏಳು ಬರುತ್ತಿದ್ದವೇ? 2001ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತೂ ಈ ಆಯ್ಕೆಯ ಬಗ್ಗೆ ವಿಚಾರಣೆ ನಡೆಸಿತು.

ಡಾಟ್ ವೆಬ್‌ನದು ಮತ್ತೊಂದು ಪೇಚು. ಒಂದು ಸಣ್ಣ ಕಂಪನಿ 1996ರಿಂದಲೇ, ಮೂಲಪಟ್ಟಿಯ ಹೊರಗೆ, ಆ ಹೆಸರಿನಲ್ಲಿ ನೋಂದಣಿ ನಡೆಸುತ್ತಿತ್ತು. ಅದನ್ನು ಬೇರೆಯವರಿಗೆ ಕೊಡಲು ಮಂಡಳಿ ಸದಸ್ಯ ವಿಂಟ್ ಸರ್ಫ್ ಹಿಂಜರಿದರು. ಕೊನೆಗೆ ಯಾರಿಗೂ ಕೊಡಲಿಲ್ಲ. 2016ರಲ್ಲಿ ಅದೇ ಹೆಸರು ಹರಾಜಿಗೆ ಬಂದು 13.5 ಕೋಟಿ ಡಾಲರಿಗೆ ಹೋಯಿತು. ಕೂಗಿದ್ದು ಒಂದು ಕಂಪನಿ, ಹಣ ಮಾತ್ರ ಡಾಟ್ ಕಾಂ ನಡೆಸುವ ವೆರಿಸೈನ್‌ನದು! ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು.

2012ರ ಸುತ್ತಿಗೆ ದೊಡ್ಡ ನಿಯಮಪುಸ್ತಕವೇ ಬಂತು. ಮೂರು ನಿಮಿಷದ ಅಡಾವುಡಿ ತಪ್ಪಿತು, ಆದರೆ ಶುಲ್ಕ 1,85,000 ಡಾಲರಿಗೆ ಏರಿತು. ಬಂದ 1,930 ಅರ್ಜಿಗಳಲ್ಲಿ 911 ಉತ್ತರ ಅಮೆರಿಕದವು, ಇಡೀ ಆಫ್ರಿಕಾದಿಂದ 17. ಬಡ ಅರ್ಜಿದಾರರಿಗೆ ರಿಯಾಯಿತಿ ಇತ್ತು. ಅದನ್ನು ಕೇಳಿದವರು ಮೂವರೇ. ಡಾಟ್ ಅಮೆಜಾನ್‌ಗಾಗಿ ಕಂಪನಿಯೂ ನದಿಯ ತೀರದ ಬ್ರೆಜಿಲ್, ಪೆರು ದೇಶಗಳೂ ಏಳೆಂಟು ವರ್ಷ ಹೋರಾಡಿದವು, ಗೆದ್ದದ್ದು ಕಂಪನಿ.

ಕನ್ನಡ ಲಿಪಿಯ 'ಡಾಟ್ ಭಾರತ' ಈ ಸ್ಪರ್ಧೆಯಲ್ಲಿ ಬಂದದ್ದಲ್ಲ. ದೇಶದ ಹೆಸರುಗಳಿಗೆ ಬೇರೆಯೇ ದಾರಿ ಇದೆ, ಅಲ್ಲಿ ಹರಾಜಿಲ್ಲ. ಉಳಿದವರಿಗೆ 2026ರ ಸುತ್ತಿನ ಶುಲ್ಕ 2,27,000 ಡಾಲರ್ ಎಂದು ನಿಗದಿಯಾಗಿದೆ.