ಮಂಚಿಕೆಯ ಚರಿತ್ರೆ

ರಾಗಿ ತೆನೆಗಟ್ಟುವ ಕಾಲಕ್ಕೆ ತಾಳವಾಡಿಯ ಬಯಲಿನಲ್ಲಿಯೂ ಕಾಡಂಚಿನ ಇತರ ಹೊಲಗಳಲ್ಲಿಯೂ ಕಾವಲಿನ ಅಟ್ಟಣೆಗಳು ಏಳುವುದನ್ನು ನಮ್ಮ ವಾಚಕರು ಬಲ್ಲರು. ಮರದ ಕವಲುಗಳ ನಡುವೆ ಬಿದಿರು ಹಾಸಿ ಕಟ್ಟುವ ಈ ನೆಲೆಗೆ ಮಂಚಿಕೆಯೆಂಬ ಹಳೆಯ ಹೆಸರೂ ಉಂಟು. ಬೇಟೆಯ ಪುಸ್ತಕಗಳಲ್ಲಿ ಬರುವ ‘ಮಚಾನ್’ ಎಂಬ ಹಿಂದೀ ಪದವೂ ಇದೂ ಸಂಸ್ಕೃತದ ‘ಮಂಚ’ ಶಬ್ದದಿಂದಲೇ ಹುಟ್ಟಿದವು. ಬೆಳೆ ಕಾಯುವವನಿಗೂ ಬೇಟೆಗಾರನಿಗೂ ಇರುವ ನೆಂಟತನಕ್ಕೆ ಈ ಹೆಸರೇ ಸಾಕ್ಷಿ.

ನಮ್ಮ ಪ್ರಾಚೀನರ ಬೇಟೆಯಲ್ಲಿ ಕೀರ್ತಿ ಪಡೆದದ್ದು ನೆಲದ ಮೇಲಿನ ಕಾದಾಟ. ಸುಮಾರು ಕ್ರಿ.ಶ. 949-50ರ ಆತಕೂರು ಶಾಸನವು, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯನ್ನು ವೀರನಂತೆ ಸ್ಮರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ಮೃಗಯೆಯನ್ನು ರಾಜವಿನೋದಗಳಲ್ಲಿ ಒಂದಾಗಿ ಎಣಿಸಿ ವಿವರಿಸುತ್ತದೆ. ಆದರೆ ಪರಿವಾರವಿಲ್ಲದ ಬಡವನಿಗೆ ಬೇಕಾದುದು ಕಾದಾಟವಲ್ಲ, ಕಾಯುವಿಕೆ. ಅದಕ್ಕೆ ಮರವೇ ಆಸರೆ.

ಜಿಂಕೆ ಕಡವೆಗಳ ರಕ್ಷಣೆ ಮುಖ್ಯವಾಗಿ ಅವುಗಳ ಮೂಗು ಮತ್ತು ಕಿವಿಗಳಲ್ಲಿದೆ. ಅಪಾಯವನ್ನು ಅವು ಸಾಮಾನ್ಯವಾಗಿ ತಮ್ಮ ಮಟ್ಟದಲ್ಲಿಯೇ ಅರಸುವುದರಿಂದ, ಎತ್ತರದಲ್ಲಿ ಅಲುಗದೆ ಕುಳಿತವನು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಬಿಲ್ಲುಗಾರನಿಗೆ ಮೃಗವು ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಹೆದೆಯೆಳೆಯಲು ತೋಳಿಗೆ ತೆರವೂ ಬೇಕು. ಕೋವಿಗೆ ಇನ್ನಷ್ಟು ದೂರ ಸಾಗುತ್ತದೆ. ಆದರೆ ಹಳೆಯ ಕೇಪಿನ ಕೋವಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಮೃಗವು ಮಾಯವಾಗಿರುತ್ತಿತ್ತು. ಆದುದರಿಂದ ಇಬ್ಬರಿಗೂ ಮರದ ಆಯ್ಕೆಯೇ ಮುಖ್ಯವಾಗಿತ್ತು.

ಆ ಆಯ್ಕೆಯೂ ಒಂದು ಶಾಸ್ತ್ರವೇ ಸರಿ. ಮರವು ಜೀವಂತವಾಗಿರಬೇಕು, ಒಣಗಿದ ಕೊಂಬೆಯನ್ನು ನಂಬಬಾರದು. ಕುಳಿತವನ ಬೆನ್ನಿಗೆ ಕಾಂಡವೋ ಎಲೆಯೋ ಇರಬೇಕು, ಇಲ್ಲವಾದರೆ ಆಕಾಶದೆದುರು ಅವನ ಆಕೃತಿ ಎದ್ದು ಕಾಣುತ್ತದೆ. ಗಾಳಿಯು ಮೃಗದ ಹಾದಿಯಿಂದ ಮರದ ಕಡೆಗೆ ಬೀಸುತ್ತಿರಬೇಕು. ಬೆಟ್ಟದ ಕಣಿವೆಗಳಲ್ಲಿ ಹಗಲು ಕಾದ ಗಾಳಿ ಮೇಲಕ್ಕೇರುತ್ತದೆ. ಸಂಜೆ ತಂಪಾದ ಗಾಳಿ ಕೆಳಗಿಳಿಯುತ್ತದೆ. ಬೆಳಗಿಗೆ ಒಪ್ಪುವ ಮರ ಸಂಜೆಗೆ ಒಪ್ಪದಿರುವುದು ಇದರಿಂದಲೇ. ಏರುವುದಕ್ಕೆ ಗಿಣ್ಣುಗಳಲ್ಲಿ ಕವಲು ಉಳಿಸಿದ ಒಂದೇ ಬಿದಿರು ಗಣೆ ಏಣಿಯಾಗುತ್ತಿತ್ತು. ಜೇನು ಇಳಿಸುವ ಕುರುಬರೂ ಸೋಲಿಗರೂ ಮರವೇರುವ ವಿದ್ಯೆಯಲ್ಲಿ ಎಲ್ಲರಿಗೂ ಗುರುಗಳು.

ಬ್ರಿಟಿಷರ ಕಾಲದಲ್ಲಿ ಬೇಟೆಯು ದೊರೆಗಳ ಮೋಜಾಯಿತು, ಮೃಗಗಳು ಕ್ಷೀಣಿಸಿದವು. 1877ರಲ್ಲಿ ನೀಲಗಿರಿಯಲ್ಲಿ ಬೇಟೆಗಾರರದೇ ಒಂದು ಸಂಘ ಹುಟ್ಟಿತು. 1879ರಲ್ಲಿ ಆ ಜಿಲ್ಲೆಯ ಮೃಗ-ಮೀನುಗಳ ರಕ್ಷಣೆಗೆ ಕಾಯಿದೆ ಬಂದಿತು. ಮುಂದೆ ಕೆನೆತ್ ಆಂಡರ್ಸನ್ನರು (1910-1974) 1954ರಿಂದ ಪ್ರಕಟಿಸಿದ ಪುಸ್ತಕಗಳಿಂದ ನಮ್ಮ ಸೀಮೆಯ ಕಾಡುಗಳೂ ಮಚಾನುಗಳೂ ದೂರದೇಶಗಳಲ್ಲಿ ಹೆಸರಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಟ್ಟು ಹಾಕಿತು. 1991ರ ತಿದ್ದುಪಡಿಯು ಪರವಾನಗಿಯ ಬೇಟೆಗೂ ಮಂಗಳ ಹಾಡಿತು. ಅದು ಉಚಿತವೇ ಆಯಿತು.

ಬೇಟೆಗಾರನು ಇಳಿದುಹೋದ ಮರದಲ್ಲಿ ಒಕ್ಕಲಿಗನು ಇಂದಿಗೂ ಕುಳಿತಿದ್ದಾನೆ. ಆನೆ, ಹಂದಿ, ಜಿಂಕೆಗಳ ಬಾಯಿಗೆ ವರ್ಷದ ಅನ್ನವು ಹೋಗದಿರಲೆಂದು ನಿದ್ದೆಗೆಟ್ಟು ಕೂಗುತ್ತಾನೆ, ಕೊಲ್ಲುವುದಕ್ಕಲ್ಲ, ಓಡಿಸುವುದಕ್ಕೆ. ಗಾಳಿಯ ಗುಣ, ಮೃಗದ ಹಾದಿ, ಮರದ ಬಲ ಇವೆಲ್ಲವೂ ಅವನ ಅರಿವಿನಲ್ಲಿವೆ. ದೊರೆಗಳ ಬೇಟೆಯ ಕಥೆಗಳು ಅಚ್ಚಾದವು. ಅವರಿಗೆ ಮರವನ್ನು ತೋರಿಸಿ ಅಟ್ಟಣೆ ಕಟ್ಟಿಕೊಟ್ಟ ನಮ್ಮವರ ಹೆಸರುಗಳು ಬಹುಮಟ್ಟಿಗೆ ಅಚ್ಚಾಗಲಿಲ್ಲ. ಗಡಿಯ ಕನ್ನಡದಲ್ಲಿ ಉಳಿದಿರುವ ಆ ಮಾತುಗಳನ್ನು ಹಿರಿಯರ ಬಾಯಿಂದ ಕೇಳಿ ಮಕ್ಕಳು ಬರೆದಿಟ್ಟರೆ, ಮಂಚಿಕೆಯ ಚರಿತ್ರೆಯ ಆ ಅರ್ಧಭಾಗವೂ ತುಂಬೀತು.