ದೊರೆ ಎಂಬ ಮಾತು

ನನ್ನ ಊರು ಬಂಗಾರಪೇಟೆ. ಹಳೆಯ ದಾಖಲೆಗಳಲ್ಲಿ ಇದರ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಸಾಹೇಬರಿಂದ ಬಂದ ಹೆಸರು ಅದು. ಕಾಲಕ್ರಮದಲ್ಲಿ ಸಾಹೇಬರು ಜನರ ನಾಲಿಗೆಯಿಂದ ಇಳಿದುಹೋದರು, ಬಂಗಾರ ಉಳಿಯಿತು. ರೈಲ್ವೆಯವರ ಸಂಕೇತಾಕ್ಷರಗಳಲ್ಲಿ ಮಾತ್ರ ನಮ್ಮ ನಿಲ್ದಾಣ ಇಂದಿಗೂ ‘ಬಿಡಬ್ಲ್ಯುಟಿ’. ನಾಡನ್ನಾಳಿದ ಅಧಿಕಾರಿಯ ಹೆಸರಿಗೇ ಈ ಗತಿಯಾದರೆ, ಅಧಿಕಾರಿಗಳನ್ನು ಕರೆಯುವ ಪದಗಳ ಗತಿ ಏನು? ಈ ಪ್ರಶ್ನೆಗೆ ಕೋಲಾರದ ಚಿನ್ನದ ಗಣಿಗಳಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಗಣಿಯ ಕಥೆ ಕೇಳುಗರಿಗೆ ತಿಳಿದದ್ದೇ. 1870ರ ದಶಕದಲ್ಲಿ ಲವೆಲ್ ಎಂಬ ಮಾಜಿ ಸೈನಿಕ ಇಲ್ಲಿ ಅಗೆಯಲು ಅನುಮತಿ ಪಡೆದ; 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೈಹಾಕಿತು; 1894ರಲ್ಲಿ ನಮ್ಮೂರಿಂದ ಮಾರಿಕುಪ್ಪಕ್ಕೆ ರೈಲು ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಜನ ಭೂಮಿಯೊಳಕ್ಕೆ ಇಳಿದರು. ಮೇಲಿದ್ದ ಬಿಳಿಯನನ್ನು ಅವರು ಕರೆದದ್ದು ದೊರೆ ಎಂದು. ಅವನ ಹೆಂಡತಿ ದೊರೆಸಾನಿ.

ಹಳಗನ್ನಡದಲ್ಲಿ ದೊರೆ ಎಂದರೆ ಸಮಾನ, ಸಾಟಿ ಎಂಬ ಅರ್ಥವೂ ಉಂಟು. ‘ಸರಿದೊರೆ’ ಎಂಬ ಜೋಡಿಪದದಲ್ಲಿ ಅದು ಈಗಲೂ ಉಸಿರಾಡುತ್ತಿದೆ. ಇವೆರಡೂ ಬೇರೆ ಬೇರೆ ಪದಗಳೆಂದು ಪಂಡಿತರು ವಾದಿಸಬಹುದು. ಆದರೆ ಸಾಟಿ ಎಂಬರ್ಥದ ಮಾತೂ ಸಾಟಿಯಿಲ್ಲದವನನ್ನು ಕರೆಯುವ ಮಾತೂ ಒಂದೇ ರೂಪದಲ್ಲಿರುವುದು ನನಗಂತೂ ಸೋಜಿಗ. ಗಣಿಯ ದೊರೆಯ ಬಂಗಲೆಗೂ ಕೂಲಿಯವನ ಲೈನು ಮನೆಗೂ ಯಾವ ಸಾಟಿಯೂ ಇರಲಿಲ್ಲವೆಂಬುದನ್ನು ಅಲ್ಲಿ ನಡೆದಾಡಿದವರೆಲ್ಲ ಬಲ್ಲರು.

ಇಂಗ್ಲಿಷರ ಪದಗಳೂ ಸ್ವಾರಸ್ಯದವೇ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರ, ತಾಮ್ರದ ಗಣಿಗಳಲ್ಲಿ ಮೇಲ್ವಿಚಾರಕನನ್ನು ಕ್ಯಾಪ್ಟನ್ ಎನ್ನುವುದು ವಾಡಿಕೆ. ಸೈನ್ಯಕ್ಕೂ ಹಡಗಿಗೂ ಸಂಬಂಧವಿಲ್ಲದ ಈ ಬಿರುದು ಕಾರ್ನಿಷ್ ಗಣಿಗಾರರ ಜೊತೆಗೆ ಕೋಲಾರಕ್ಕೂ ಬಂತು. 1880ರ ದಶಕದಲ್ಲಿ, ಮೈಸೂರು ಗಣಿ ಇನ್ನೇನು ಮುಚ್ಚಿತು ಎನ್ನುವಾಗ ಚಾಂಪಿಯನ್ ಪದರದ ಚಿನ್ನ ತೋರಿಸಿಕೊಟ್ಟ ಪ್ಲಮರ್‌ ‘ಕ್ಯಾಪ್ಟನ್ ಪ್ಲಮರ್’ ಎಂದೇ ಪ್ರಸಿದ್ಧ. ಈ ಬಿರುದನ್ನು ನಾನು ಹಗುರವಾಗಿ ಕಾಣಲಾರೆ. ಕ್ಯಾಪ್ಟನ್ ತಾನೂ ಕೆಳಗಿಳಿಯುತ್ತಿದ್ದ. ಇನ್ನು ಏಜೆಂಟ್. ನಮಗೆ ಏಜೆಂಟನೆಂದರೆ ವಿಮೆಯವನು. ಗಣಿಯ ಕಾನೂನಿನಲ್ಲಾದರೋ ಆತ ಮಾಲೀಕನ ಪ್ರತಿನಿಧಿ, ಮ್ಯಾನೇಜರನಿಗಿಂತ ಮೇಲಿನವನು. ನಮ್ಮ ಬಾಲ್ಯದಲ್ಲಿ ಸ್ಟೇಟ್ ಬ್ಯಾಂಕಿನ ಶಾಖೆಯ ಮುಖ್ಯಸ್ಥನನ್ನೂ ಏಜೆಂಟರೆಂದೇ ಕರೆಯುತ್ತಿದ್ದರು. ಮಾಲೀಕ ಬೇರೆಲ್ಲೋ ಇದ್ದಾನೆ ಎಂಬ ಸತ್ಯವನ್ನು ಆ ಪದ ಬಚ್ಚಿಡುತ್ತಿರಲಿಲ್ಲ.

ಹಾಗೆಂದು ಆ ಕಾಲದ ಕಂಪೆನಿ ಭಾಷೆ ಪ್ರಾಮಾಣಿಕವಾಗಿತ್ತೆಂದು ನಾನು ಹೇಳಲಾರೆ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದು ಕೆಲಸಗಾರರು ಸಾಯುತ್ತಿದ್ದರು. ಇದನ್ನು 20ನೆಯ ಶತಮಾನದ ಆರಂಭದ ಇಂಗ್ಲಿಷ್ ವರದಿಗಳು ‘ಏರ್ ಬ್ಲಾಸ್ಟ್’ ಎಂದವು. ಸಿಡಿದದ್ದು ಕಲ್ಲು, ಹೆಸರು ಗಾಳಿಗೆ. ಕೆಳಗಿನವನಿಗೆ ಬಿರುದಿನ ಮಾತಿರಲಿ, ಹೆಸರೂ ನೆಟ್ಟಗೆ ಉಳಿಯಲಿಲ್ಲ, ಅವನೊಂದು ಸಂಖ್ಯೆ. ಬೆರಳಚ್ಚು ಪಡೆದು ನೋಂದಾಯಿಸುವ ನಿಯಮ ಬಂದಾಗ, 1930ರಲ್ಲಿ, ಗಣಿಯ ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಈಗ ಮೇಲಿದ್ದವರು ನಮ್ಮವರೇ. ಪದಗಳು ಉದ್ದವಾದವು. ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ! ಕೇಂದ್ರದ ಕಚೇರಿಗಳ ಬಾಗಿಲಿನ ಹಿಂದಿ ಫಲಕಗಳಲ್ಲಿ ಜನರಲ್ ಮ್ಯಾನೇಜರನಿಗೆ ‘ಮಹಾಪ್ರಬಂಧಕ’ ಎಂದಿರುತ್ತದೆ. ಕನ್ನಡದಲ್ಲಿ ಮಹಾಪ್ರಬಂಧವೆಂದರೆ ಪಿಎಚ್.ಡಿ.ಗೆ ಬರೆಯುವ ಗ್ರಂಥ. ಆ ಫಲಕ ಕಂಡಾಗಲೆಲ್ಲ ಒಳಗೆ ಯಾರೋ ಪಾಪದ ಸಂಶೋಧಕ ಅಡಿಟಿಪ್ಪಣಿ ಜೋಡಿಸುತ್ತ ಕುಳಿತಿರುವ ಚಿತ್ರ ನನಗೆ ಬರುತ್ತದೆ. ಗಣಿಯ ಜನ ಇದಾವುದನ್ನೂ ಲೆಕ್ಕಿಸದೆ, ಬಹುಕಾಲ ದೊರೆ ಎಂದೇ ಕರೆದರು. ನನ್ನ ತಂದೆ ಬಂಗಾರಪೇಟೆ ನಿಲ್ದಾಣದಲ್ಲಿ ಗುಮಾಸ್ತರಾಗಿದ್ದರು. ಅಪ್ಪಟ ಕನ್ನಡದ ಎಂಜಿನಿಯರೊಬ್ಬರು ರೈಲಿನಿಂದಿಳಿದಾಗ ಕೂಲಿಗಳು “ದೊರೆ ಬಂದರು” ಎಂದು ದಾರಿ ಬಿಟ್ಟದ್ದನ್ನು ಬಾಲಕನಾಗಿ ನಾನೇ ಕಂಡಿದ್ದೇನೆ.

ಕನ್ನಡಕ್ಕೆ ಈ ಬಗೆಯ ಪದಗಳ ಬಡತನವಿರಲಿಲ್ಲ. ವ್ಯಾಪಾರಿಗಳ ಮುಖಂಡನನ್ನು ಶಾಸನಗಳು ಪಟ್ಟಣಸ್ವಾಮಿ ಎನ್ನುತ್ತವೆ, ವಡ್ಡವ್ಯವಹಾರಿ ಎನ್ನುತ್ತವೆ. ನಮ್ಮ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಅದರ ವೀರಗಲ್ಲುಗಳನ್ನು ಓದುತ್ತ ಹೋದರೆ, ಊರ ತುರುಗಳಿಗಾಗಿ ಕಾದಿ ಸತ್ತವರೂ ಸತ್ತವನ ಮನೆಗೆ ಬಿಟ್ಟ ಕಲ್ನಾಡೂ ಎದುರಾಗುತ್ತವೆ. ಕಾದಿದವನ ಹೆಸರೂ ಭೂಮಿ ಬಿಟ್ಟವನ ಹೆಸರೂ ಕಲ್ಲಿನಲ್ಲಿರುತ್ತವೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅದಕ್ಕೂ ಮೊದಲೇ ‘ರೋಗಗ್ರಸ್ತ ಉದ್ಯಮ’ ಎಂಬ ಮಾತು ನಮ್ಮ ಭಾಗದಲ್ಲಿ ಚಾಲ್ತಿಗೆ ಬಂದಿತ್ತು. ರೋಗ ಯಾರಿಂದ ಬಂತೆಂದು ಆ ಮಾತು ಹೇಳುತ್ತಿರಲಿಲ್ಲ. ಗಣಿಯವರ ಮಕ್ಕಳು ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು.

ಅಂಥ ಒಬ್ಬ ಹಳೆಯ ವಿದ್ಯಾರ್ಥಿ ಕೆಲವು ವರ್ಷಗಳ ಹಿಂದೆ ಸಂಜೆಯ ರೈಲಿನಲ್ಲಿ ಸಿಕ್ಕಿದ. ಅವನ ತಂದೆ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ಮಾಡಿದವರು. ತಾನಿದ್ದ ಯಾವುದೋ ಕಂಪೆನಿಯಿಂದ ಬಂದ ಇಂಗ್ಲಿಷ್ ಪತ್ರವನ್ನು ಜೇಬಿನಿಂದ ತೆಗೆದು ನನ್ನ ಕೈಗಿತ್ತ. ‘ರೈಟ್ ಸೈಜಿಂಗ್’ ಎಂದಿತ್ತು. ‘ಮಾನವ ಸಂಪನ್ಮೂಲದ ಮರುಹೊಂದಾಣಿಕೆ’ ಎಂಬರ್ಥದ ಮಾತಿತ್ತು. ಕೆಳಗೆ ಹೆಸರಿರಲಿಲ್ಲ, ‘ಚೀಫ್ ಪೀಪಲ್ ಆಫೀಸರ್’ ಎಂಬ ಹುದ್ದೆ ಮಾತ್ರ.

“ಸಾರ್, ಇದನ್ನ ಕನ್ನಡದಲ್ಲಿ ಹೇಳಿ” ಎಂದ.

“ನಿನ್ನನ್ನು ಕೆಲಸದಿಂದ ತೆಗೆದಿದ್ದಾರಪ್ಪ” ಎಂದೆ.

“ಅದು ಗೊತ್ತು ಸಾರ್. ತೆಗೆದದ್ದು ಯಾರು ಅಂತ ಎಲ್ಲಾದರೂ ಬರೆದಿದೆಯಾ? ನಮ್ಮಪ್ಪನ ಕಾಲದಲ್ಲಿ ದೊರೆ ಮನೆ ಎಲ್ಲಿದೆ ಅಂತಾದರೂ ಗೊತ್ತಿತ್ತು. ಬಾಗಿಲಲ್ಲಿ ಹೋಗಿ ನಿಲ್ಲಬಹುದಿತ್ತು.”

ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿನಿಂದ ಮತ್ತೆ ಓದಿದೆ. ‘ನಿರ್ಧರಿಸಲಾಗಿದೆ’, ‘ಪರಿಶೀಲಿಸಲಾಗಿದೆ’, ‘ತಿಳಿಸಲಾಗುತ್ತಿದೆ’ ಎಂದು ವಾಕ್ಯವಾಕ್ಯವೂ ಕರ್ಮಣಿ ಪ್ರಯೋಗ. ಮಾಲೂರು ದಾಟಿ ಟೇಕಲ್ ಬರುವವರೆಗೂ ನಾನು ಅದರಲ್ಲಿ ಕರ್ತೃಪದವನ್ನು ಹುಡುಕುತ್ತಲೇ ಇದ್ದೆ.