ಎಸೆಯಲು ಬಾರದ ಕೈ: ಕೂಡಿಡುವ ಕಾಯಿಲೆಯ ಅಧ್ಯಯನ ಸಾಗಿಬಂದ ದಾರಿ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ರ‍್ಯಾಂಡಿ ಫ್ರಾಸ್ಟ್ ಅವರಿಗೆ 1990ರ ದಶಕದ ಆರಂಭದಲ್ಲಿ ರೇಚಲ್ ಗ್ರಾಸ್ ಎಂಬ ವಿದ್ಯಾರ್ಥಿನಿ ಒಂದು ಪ್ರಶ್ನೆ ಹಾಕಿದರು. ಗೀಳು ಕಾಯಿಲೆಯ ಪಾಠದಲ್ಲಿ ಮತ್ತೆ ಮತ್ತೆ ಕೈ ತೊಳೆಯುವವರು, ಬೀಗ ಎಳೆದೆಳೆದು ನೋಡುವವರು ಎಲ್ಲ ಬರುತ್ತಾರೆ; ಸಾಮಾನು ಕೂಡಿಡುವವರನ್ನು ಯಾರೂ ಅಧ್ಯಯನ ಮಾಡಿಲ್ಲವೇಕೆ? ಅಂಥವರು ಅಪರೂಪ, ಹುಡುಕಿದರೂ ಸಿಗಲಿಕ್ಕಿಲ್ಲ ಎಂದುಕೊಂಡಿದ್ದ ಫ್ರಾಸ್ಟ್, ಊರಿನ ಪತ್ರಿಕೆಯಲ್ಲೊಂದು ಜಾಹೀರಾತು ಕೊಟ್ಟು ನೋಡಲು ಹೇಳಿದರು. ನೂರಕ್ಕೂ ಹೆಚ್ಚು ಜನರಿಂದ ಉತ್ತರ ಬಂತು. ಹೋರ್ಡಿಂಗ್ (ಅತಿಯಾಗಿ ಕೂಡಿಡುವುದು) ಕುರಿತ ಕ್ರಮಬದ್ಧ ಸಂಶೋಧನೆ ಶುರುವಾದದ್ದು ಹೀಗೆ ಎನ್ನಬಹುದು.

ಅದಕ್ಕೂ ಮೊದಲು ಈ ವಿಷಯ ವಿಜ್ಞಾನಕ್ಕಿಂತ ಹೆಚ್ಚಾಗಿ ಗುಣದೋಷದ ಖಾತೆಯಲ್ಲಿತ್ತು. ಫ್ರಾಯ್ಡ್ 1908ರಲ್ಲಿ ಅಚ್ಚುಕಟ್ಟುತನ, ಜಿಪುಣತನ, ಹಟ ಮೂರನ್ನೂ ಒಂದೇ ಸ್ವಭಾವದ ಮುಖಗಳೆಂದು ಕಟ್ಟಿ, ಅದರ ಬೇರನ್ನು ಶೈಶವದ ಮಲವಿಸರ್ಜನೆಯ ಅನುಭವಕ್ಕೆ ಒಯ್ದರು. ಮನೋವಿಶ್ಲೇಷಕ ಎರಿಕ್ ಫ್ರಾಮ್ 1947ರ ಪುಸ್ತಕದಲ್ಲಿ ಕೂಡಿಡುವುದನ್ನು ಒಂದು ಬಗೆಯ ವ್ಯಕ್ತಿತ್ವ ಎಂದು ವರ್ಣಿಸಿದರು. ಬರೆದವರು ದೊಡ್ಡವರೇ. ಆದರೆ ಅಂಥ ಮನೆಯೊಳಗೆ ಹೋಗಿ, ಕೂತು, ನೋಡಿ ಬರೆದದ್ದಲ್ಲ.

ಅದೇ 1947ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಮನೆಯೊಳಗೆ ಮಾತ್ರ ಇಡೀ ಅಮೆರಿಕ ಇಣುಕಿ ನೋಡಿತು. ಹೋಮರ್ ಮತ್ತು ಲ್ಯಾಂಗ್ಲಿ ಕಾಲಿಯರ್ ಅಣ್ಣತಮ್ಮಂದಿರು. ಅಪ್ಪ ವೈದ್ಯ, ಅಣ್ಣ ವಕೀಲಿಕೆ ಓದಿದವನು, ತಮ್ಮ ಪಿಯಾನೊ ನುಡಿಸುವವನು. ಅಣ್ಣನಿಗೆ ಕಣ್ಣು ಹೋದ ಮೇಲೆ ತಮ್ಮನೇ ಅವನ ಆರೈಕೆಗೆ ನಿಂತ. ದೃಷ್ಟಿ ಮರಳಿದಾಗ ಅಣ್ಣ ಓದಲಿ ಎಂದು ವರ್ಷಗಟ್ಟಲೆ ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಎತ್ತಿಟ್ಟ. ಮಾರ್ಚ್ 21ರಂದು ಪೊಲೀಸರು ಒಳನುಗ್ಗಿದಾಗ ಹೋಮರ್ ಸತ್ತಿದ್ದ. ಲ್ಯಾಂಗ್ಲಿ ಎಲ್ಲೋ ಓಡಿಹೋಗಿದ್ದಾನೆಂದು ಹೊರಗೆಲ್ಲ ಹುಡುಕಿದರು. ಏಪ್ರಿಲ್ 8ರಂದು ಅವನ ಶವ ಸಿಕ್ಕಿದ್ದು ಅಣ್ಣ ಕೂತಿದ್ದ ಜಾಗದಿಂದ ಸುಮಾರು ಹತ್ತು ಅಡಿ ದೂರದಲ್ಲಿ. ಕಳ್ಳರು ಬಂದರೆ ಬೀಳಲೆಂದು ತಾನೇ ಒಡ್ಡಿದ್ದ ರಾಶಿಯಡಿ ಅವನು ಸಿಕ್ಕಿಬಿದ್ದಿದ್ದ. ಹದಿನಾಲ್ಕು ಪಿಯಾನೊ ಸೇರಿ ನೂರು ಟನ್ನಿಗೂ ಮೀರಿದ ಸಾಮಾನು ಹೊರಬಂತು. ಜನ ಇದನ್ನು ವಿಚಿತ್ರ ಸುದ್ದಿಯಾಗಿ ಓದಿದರು. ಆ ಪತ್ರಿಕೆಯ ಕಟ್ಟುಗಳಿಗೆ ಒಂದು ಕಾರಣವಿತ್ತು, ಅದೂ ಪ್ರೀತಿಯಿಂದ ಹುಟ್ಟಿದ ಕಾರಣ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ.

ಫ್ರಾಸ್ಟ್ ಮತ್ತು ಗ್ರಾಸ್ ಹಿಡಿದದ್ದು ಆ ಕಾರಣದ ಎಳೆಯನ್ನೇ. 1993ರಲ್ಲಿ ಪ್ರಕಟವಾದ ಅವರ ಪ್ರಬಂಧ ಕೆಲವು ಸುಲಭ ನಂಬಿಕೆಗಳನ್ನು ಅಲ್ಲಾಡಿಸಿತು. ಬಡತನದಲ್ಲಿ ಬೆಳೆದವರು ಹೀಗಾಗುತ್ತಾರೆ ಎಂಬ ಮಾತಿಗೆ ಆಧಾರ ಸಿಗಲಿಲ್ಲ. ಕೂಡಿಡುವವರು ಇಟ್ಟುಕೊಂಡ ವಸ್ತುಗಳೂ ನಮ್ಮ ನಿಮ್ಮ ಮನೆಯಲ್ಲಿರುವಂಥವೇ, ಕಾರಣಗಳೂ ಅವೇ: ‘ಇರಲಿ, ಮುಂದೆ ಬೇಕಾದೀತು’, ‘ಇದು ಅಮ್ಮ ಕೊಟ್ಟದ್ದು’, ‘ಎಸೆದರೆ ದಂಡ’. ವ್ಯತ್ಯಾಸ ಇದ್ದದ್ದು ಅಳತೆಯಲ್ಲಿ, ಮತ್ತು ಬಿಡಬೇಕಾದ ಗಳಿಗೆಯಲ್ಲಿ ಆಗುವ ಸಂಕಟದಲ್ಲಿ. 1996ರಲ್ಲಿ ಫ್ರಾಸ್ಟ್ ಮತ್ತು ಟಮಾರಾ ಹಾರ್ಟ್ಲ್ ಇದಕ್ಕೊಂದು ಚೌಕಟ್ಟು ಕಟ್ಟಿದರು. ವಿಂಗಡಿಸಲು, ನಿರ್ಧರಿಸಲು ಕಷ್ಟ. ವಸ್ತುವಿನೊಂದಿಗೆ ಬಿಗಿಯಾದ ಭಾವಬಂಧ. ಅದರ ಬಗ್ಗೆ ಅತಿಯಾದ ಹೊಣೆಗಾರಿಕೆ. ಸಂಕಟ ಬೇಡವೆಂದು ನಿರ್ಧಾರವನ್ನೇ ಮುಂದೂಡುವುದು. ಮುಂದೂಡಿದ ನಿರ್ಧಾರಗಳೇ ನೆಲದ ಮೇಲೆ ರಾಶಿ ಬೀಳುತ್ತವೆ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಇದು: ಕೊಳಕು ಮನೆಯಿಂದ ಕಣ್ಣು ಕಿತ್ತು, ಕೈಯಲ್ಲೊಂದು ಕಾಗದ ಹಿಡಿದು ನಿಂತ ಮನುಷ್ಯನನ್ನು ನೋಡತೊಡಗಿದ್ದು.

ಆ ನಿಂತ ಗಳಿಗೆಯಲ್ಲಿ ಮಿದುಳಿನೊಳಗೆ ಏನಾಗುತ್ತದೆ? 2004ರಲ್ಲಿ ಸಂಜಯ ಸಕ್ಸೇನಾ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್ ಮೂಲಕ, ಕೂಡಿಡುವವರ ಮಿದುಳಿನ ಚಟುವಟಿಕೆ ಉಳಿದ ಗೀಳು ರೋಗಿಗಳಿಗಿಂತ ಬೇರೆ ಎಂದು ತೋರಿಸಿದರು. ಕಣ್ಣಿಗೆ ಕಟ್ಟುವಂಥದ್ದು ಡೇವಿಡ್ ಟೋಲಿನ್ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗ. ಭಾಗವಹಿಸಿದವರಿಗೆ ತಮ್ಮ ಮನೆಗೆ ಬಂದ ಜಾಹೀರಾತು ಪತ್ರ, ಹಳೇ ಪೇಪರು ತರಲು ಹೇಳಿದ್ದರು. ಸ್ಕ್ಯಾನರ್‌ನೊಳಗೆ ಮಲಗಿದವರಿಗೆ ಒಂದೊಂದೇ ಕಾಗದದ ಚಿತ್ರ ತೋರಿಸಿ ‘ಇಡೋಣವೇ, ಹರಿಯೋಣವೇ’ ಎಂದು ಕೇಳಿದರು. ಹರಿಯಿರಿ ಎಂದದ್ದನ್ನು ನಿಜವಾಗಿಯೂ ಯಂತ್ರಕ್ಕೆ ಹಾಕಿ ಚೂರು ಮಾಡಿದರು. ನಡುನಡುವೆ ಬೇರೆಯವರ ಕಾಗದಗಳೂ ಬರುತ್ತಿದ್ದವು. ‘ಇದು ಮುಖ್ಯ’ ಎಂದು ಸೂಚಿಸುವ ಎರಡು ಭಾಗಗಳು, ಆಂಟೀರಿಯರ್ ಸಿಂಗ್ಯುಲೇಟ್ ಮತ್ತು ಇನ್ಸುಲಾ, ಕೂಡಿಡುವವರಲ್ಲಿ ಪರರ ಕಾಗದ ಬಂದಾಗ ಮಂಕಾಗಿದ್ದವು. ತಮ್ಮದು ಬಂದ ಕೂಡಲೇ ಮಿತಿಮೀರಿ ಎಚ್ಚೆತ್ತವು. ಅಂಗಡಿಯ ಕರಪತ್ರವೊಂದು ಆಸ್ತಿಪತ್ರದಷ್ಟು ತೂಕ ಪಡೆದರೆ ಯಾರ ಕೈ ತಾನೇ ನಡುಗದು? ಹೊರಗೆ ನಿಂತವರು ಸೋಮಾರಿತನ ಎನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧ.

ಜೊತೆಜೊತೆಗೆ ಎಣಿಕೆಯೂ ನಡೆಯಿತು. 2009ರಲ್ಲಿ ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಅವಳಿಗಳ ಅಧ್ಯಯನ ಇದರ ಪ್ರಮಾಣವನ್ನು ಶೇ. 2.3 ಎಂದು ಅಂದಾಜಿಸಿತು. ಈ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ವಂಶವಾಹಿ ಕಾರಣ ಎಂದಿತು. ಲಕ್ಷಣಗಳು ಸಾಮಾನ್ಯವಾಗಿ ಹದಿಹರೆಯದಲ್ಲೇ ಮೊಳೆಯುತ್ತವೆ, ವಯಸ್ಸಿನೊಂದಿಗೆ ಬಿಗಡಾಯಿಸುತ್ತವೆ. 1987ರಿಂದಲೂ ಅಮೆರಿಕದ ಮನೋರೋಗ ಕೈಪಿಡಿಯಲ್ಲಿ ವ್ಯಕ್ತಿತ್ವದ ದೋಷವೊಂದರ ಉಪಲಕ್ಷಣವಾಗಿ ಒಂದು ಸಾಲಿನಲ್ಲಿ ಅಡಗಿದ್ದ ಈ ತೊಂದರೆ, ಅದೇ ಕೈಪಿಡಿಯ 2013ರ ಆವೃತ್ತಿಯಾದ ಡಿಎಸ್‌ಎಂ-5ರಲ್ಲಿ ಸ್ವತಂತ್ರ ಕಾಯಿಲೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕೂಡ ಅದನ್ನು ಒಪ್ಪಿತು.

ಕಾಯಿಲೆ ಎನ್ನಲು ಅಟ್ಟ ತುಂಬಿದ್ದರೆ ಸಾಲದು. ಕೋಣೆಗಳು ತಮ್ಮ ಕೆಲಸ ಕಳೆದುಕೊಂಡಿರಬೇಕು. ಒಲೆಯ ಮೇಲೆ ಡಬ್ಬಗಳು ಕೂತು ಅಡುಗೆ ನಿಲ್ಲುತ್ತದೆ. ಮಂಚದ ಮೇಲೆ ಬಟ್ಟೆಯ ಗುಡ್ಡ ಬೆಳೆದು ಮಲಗುವುದು ಕುರ್ಚಿಯಲ್ಲಿ. ನಲ್ಲಿ ಸೋರಿದರೂ ಪ್ಲಂಬರ್‌ನನ್ನು ಕರೆಯುವುದಿಲ್ಲ, ಕರೆದರೆ ಅವನು ನೋಡುತ್ತಾನಲ್ಲ. ಮಕ್ಕಳು ಸ್ನೇಹಿತರನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ಟೋಲಿನ್ ಮತ್ತು ಸಂಗಡಿಗರ 2008ರ ಸಮೀಕ್ಷೆಯಲ್ಲಿ ಈ ತೊಂದರೆ ಇದ್ದವರು ತಿಂಗಳಿಗೆ ಸರಾಸರಿ ಏಳು ದಿನದ ದುಡಿಮೆ ಕಳೆದುಕೊಂಡಿದ್ದರು. ಬೆಂಕಿಯ ಲೆಕ್ಕ ಇನ್ನೂ ಕಟು. ಮೆಲ್ಬರ್ನ್‌ನ ಹತ್ತು ವರ್ಷಗಳ ದಾಖಲೆ ನೋಡಿದಾಗ, ಮನೆಗಳ ಬೆಂಕಿ ಅವಘಡಗಳಲ್ಲಿ ಇಂಥ ಮನೆಗಳ ಪಾಲು ಶೇ. 0.25 ಮಾತ್ರ, ತಪ್ಪಿಸಬಹುದಾಗಿದ್ದ ಬೆಂಕಿ ಸಾವುಗಳಲ್ಲಿ ಅದು ಶೇ. 24.

ಹಾಗಾದರೆ ಲಾರಿ ತರಿಸಿ ಒಂದೇ ದಿನ ಖಾಲಿ ಮಾಡಿಸಬಾರದೇ? ಅಮೆರಿಕದ ಟಿ.ವಿ. 2009ರಿಂದ ‘ಹೋರ್ಡರ್ಸ್’ ಕಾರ್ಯಕ್ರಮದಲ್ಲಿ ಅದನ್ನೇ ತೋರಿಸಿ ಜನಪ್ರಿಯವಾಯಿತು. ನೋಡುವವರಿಗೆ ಹಾಯೆನಿಸುವ ಆ ದೃಶ್ಯದಿಂದ ಮನೆಯವರಿಗೆ ಆದ ಉಪಕಾರ ಕಡಿಮೆ ಎನ್ನಬೇಕು. ಬಲವಂತವಾಗಿ ಖಾಲಿ ಮಾಡಿಸಿದ ಮನೆ ಮತ್ತೆ ತುಂಬುತ್ತದೆ, ನಂಬಿಕೆ ಮಾತ್ರ ಮರಳುವುದಿಲ್ಲ. ಫ್ರಾಸ್ಟ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯದ ಗೇಲ್ ಸ್ಟೆಕೆಟಿ 2007ರಲ್ಲಿ ರೂಪಿಸಿದ ಚಿಕಿತ್ಸೆ ನಿಧಾನದ್ದು: 26 ಭೇಟಿ, ಕೆಲವು ಮನೆಯಲ್ಲೇ. ರೋಗಿ ಒಂದು ಚೀಲ ಸಾಮಾನು ತರುತ್ತಾರೆ. ಒಂದನ್ನು ಎತ್ತಿಕೊಂಡು ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾರೆ. ಇದು ಹೋದರೆ ಏನಾದೀತು? ಎಷ್ಟು ಸಂಕಟ, ಅಂಕ ಕೊಡಿ. ಬಿಟ್ಟ ಮೇಲೆ ಮುಂದಿನ ವಾರ ಮತ್ತೆ ಅಂಕ ಕೇಳುತ್ತಾರೆ. ಅದು ಇಳಿದಿದ್ದರೆ ಆ ಅನುಭವವೇ ಪಾಠ. ವಸ್ತುವನ್ನು ಮುಟ್ಟುವುದು, ಬಿಡುವುದು ರೋಗಿಯ ಕೈಯೇ; ಚಿಕಿತ್ಸಕರು ತಾವಾಗಿ ಎಸೆಯುವಂತಿಲ್ಲ. 2010ರ ಪರೀಕ್ಷೆಯಲ್ಲಿ ಚಿಕಿತ್ಸೆ ಮುಗಿಸಿದವರಲ್ಲಿ ಶೇ. 41ರಷ್ಟು ಮಂದಿಯಲ್ಲಿ ಮಾತ್ರ ಗಣನೀಯ ಸುಧಾರಣೆ ಕಂಡಿತು. ದೊಡ್ಡ ಗೆಲುವೇನಲ್ಲ. ಔಷಧಿಗಳ ಫಲಿತಾಂಶವೂ ಏಕರೂಪವಾಗಿಲ್ಲ. ಉತ್ಸಾಹ ಕೊಡುವ ಸುದ್ದಿ ಬಂದದ್ದು 2018ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ: ಇದೇ ತೊಂದರೆ ಅನುಭವಿಸಿದವರು ನಡೆಸಿದ ಗುಂಪುಗಳು ಮನಶ್ಶಾಸ್ತ್ರಜ್ಞರು ನಡೆಸಿದ ಗುಂಪುಗಳಷ್ಟೇ ಫಲ ಕೊಟ್ಟಿದ್ದವು.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಗೀಳು ಕಾಯಿಲೆಯವರಲ್ಲಿ ಕೂಡಿಡುವ ಲಕ್ಷಣವನ್ನು ಅಳೆದು 2012ರಲ್ಲಿ ಪ್ರಬಂಧ ಬರೆದರು. ಡಿಎಸ್‌ಎಂ-5ರ ಒಂದು ಷರತ್ತು ನಮ್ಮ ಕುಟುಂಬಗಳಿಗಾಗಿಯೇ ಬರೆದಂತಿದೆ: ಬೇರೆಯವರು ಚೊಕ್ಕ ಮಾಡುತ್ತಿರುವುದರಿಂದಷ್ಟೇ ಮನೆ ಸರಿಯಾಗಿ ಕಂಡರೂ ಕಾಯಿಲೆ ಕಾಯಿಲೆಯೇ. ಮಾವನವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಸೊಸೆ ಗುಜರಿಯವನನ್ನು ಕರೆಯುವ ಮನೆಯಲ್ಲಿ ನಡುಮನೆ ಥಳಥಳ ಹೊಳೆಯುತ್ತದೆ, ಸಂಜೆಗೆ ಜಗಳವಾಗುತ್ತದೆ. ಸೊಸೆ ತವರಿಗೆ ಹೋದರೆ, ಮಗ ಅಮೆರಿಕ ಸೇರಿದರೆ, ಅಥವಾ ಸಾಮಾನು ನೋಡಿಕೊಳ್ಳುತ್ತಿದ್ದ ಹೆಂಡತಿ ತೀರಿಕೊಂಡರೆ ಆರೇಳು ತಿಂಗಳಲ್ಲಿ ಕಾಲಿಡಲು ಜಾಗವಿಲ್ಲ. ಆಗ ಎಲ್ಲರೂ ‘ಈಚೆಗೆ ಹೀಗಾಗಿದ್ದಾರೆ’ ಎನ್ನುತ್ತಾರೆ. ಕೆದಕಿ ಕೇಳಿದರೆ ಹಳೇ ಬಸ್ ಟಿಕೆಟು, ಕಲ್ಯಾಣಮಂಟಪದ ಬ್ಯಾಗುಗಳ ಕಥೆ ನಲವತ್ತು ವರ್ಷದ ಹಿಂದಕ್ಕೆ ಹೋಗುತ್ತದೆ. ನಿಜವಾಗಿಯೂ ಈಚೆಗೇ ಶುರುವಾಗಿದ್ದರೆ ಮಾತ್ರ ದಾರಿ ಬೇರೆ. 2005ರಲ್ಲಿ ಮಿದುಳಿನ ಸಂಶೋಧಕರಾದ ಸ್ಟೀವನ್ ಆ್ಯಂಡರ್ಸನ್ ಮತ್ತು ಡಮಾಸಿಯೊ ದಂಪತಿ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಮೇಲೆಯೇ ಕೂಡಿಡತೊಡಗಿದ ರೋಗಿಗಳನ್ನು ವರದಿ ಮಾಡಿದ್ದರು. ಕೆಲವು ಬಗೆಯ ಮರೆಗುಳಿ ಕಾಯಿಲೆಯಲ್ಲೂ ಹೀಗಾಗುತ್ತದೆ. ಅರವತ್ತರವರೆಗೆ ಅಚ್ಚುಕಟ್ಟಾಗಿದ್ದವರು ಇದ್ದಕ್ಕಿದ್ದಂತೆ ಬೀದಿಯ ವಸ್ತು ಆಯ್ದು ತರತೊಡಗಿದರೆ ಮೊದಲು ನರರೋಗ ತಜ್ಞರಿಗೆ ತೋರಿಸಬೇಕು.